ಪ್ಯೂಬ್ಲೊ ಹಿರಿಯರ ನೆನಪುಗಳಲ್ಲಿ ಒಲೆ, ಮಣ್ಣು, ಕಾಲುವೆಗಳೇ ಏಕೆ?

ಅಮೆರಿಕದ ನೈರುತ್ಯ ಭಾಗದ ಮೂಲನಿವಾಸಿಗಳಾದ ಪ್ಯೂಬ್ಲೊ ಸಮುದಾಯಗಳ ಹಿರಿಯರು ತಮ್ಮ ಬಾಲ್ಯವನ್ನು ನೆನೆಯುವಾಗ ಒಲೆ, ಮಣ್ಣು, ಕಾಲುವೆಗಳ ಮಾತೇ ಹೆಚ್ಚಾಗಿರುತ್ತದೆ, ಆಚರಣೆಗಳ ಮಾತು ಬರುವುದೇ ಇಲ್ಲ, ಇದಕ್ಕೆ ಕಾರಣವೇನು ಎಂದು ನೀವು ಕೇಳಿದ್ದೀರಿ. ನಾನು ಸಂಶೋಧಕಿಯಲ್ಲ. ಕೆಲಸದ ನಿಮಿತ್ತ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ ಆರು ವರ್ಷ ಇದ್ದಾಗ ಸುತ್ತಲಿನ ಊರಹಬ್ಬಗಳಿಗೆ ಹೋಗಿ ಕೇಳಿದ್ದು, ಆಮೇಲೆ ಓದಿ ತಿಳಿದದ್ದು, ಇಷ್ಟನ್ನು ಆಧರಿಸಿ ಉತ್ತರಿಸುತ್ತಿದ್ದೇನೆ.

ಪ್ಯೂಬ್ಲೊ ಎಂದರೆ ಸ್ಪ್ಯಾನಿಷ್‌ನಲ್ಲಿ ಊರು ಎಂದಷ್ಟೇ ಅರ್ಥ. ಅದು ಒಂದೇ ಜನಾಂಗದ ಹೆಸರಲ್ಲ. ನ್ಯೂ ಮೆಕ್ಸಿಕೊದಲ್ಲಿ ಇಂಥ 19 ಸಮುದಾಯಗಳಿವೆ, ಅರಿಜೋನಾದಲ್ಲಿ ಹೋಪಿಗಳಿದ್ದಾರೆ. ಆಕೊಮಾದ ಅಜ್ಜಿಯ ಕೆರೆಸ್ ಮಾತು ಟಾವೊಸ್‌ನ ಅಜ್ಜನಿಗೆ ತಿಳಿಯದು, ಏಕೆಂದರೆ ಆತನ ಮನೆಮಾತು ಟೀವಾ. ನೆನಪುಗಳೂ ಹಾಗೆಯೇ ಊರಿಗೊಂದು ತೆರ. ಟಾವೊಸ್‌ನ ಊರ ನಡುವೆಯೇ ತೊರೆ ಹರಿಯುತ್ತದೆ. ಆಕೊಮಾದ ಹಳೆಯ ಊರಾದರೋ 360 ಅಡಿಗೂ ಎತ್ತರದ ಬಂಡೆಯ ನೆತ್ತಿಯ ಮೇಲಿದೆ. ಅಲ್ಲಿ ಬಂಡೆಯ ಕುಳಿಗಳಲ್ಲಿ ನಿಂತ ಮಳೆನೀರನ್ನು ಹೆಂಗಸರು ಕೊಡಗಳಲ್ಲಿ ತುಂಬಿ ತಲೆಯ ಮೇಲೆ ಹೊತ್ತು ತರುತ್ತಿದ್ದರು.

ಆದರೆ ಹೆಚ್ಚಿನ ಊರುಗಳಲ್ಲಿ ಕೇಳಿಬರುವ ನೆನಪೆಂದರೆ ಅಂಗಳದ ಒಲೆಯದು. ಜೇನುಗೂಡಿನ ಆಕಾರದ ಈ ಮಣ್ಣಿನ ಒಲೆಯನ್ನು ಓರ್ನೊ ಎನ್ನುತ್ತಾರೆ. ಗೋಧಿಯ ಜೊತೆಗೆ ಸ್ಪೇನಿನವರು ತಂದದ್ದಾದರೂ ಇಂದು ಅದಿಲ್ಲದ ಹಬ್ಬವನ್ನು ಊಹಿಸಲಾಗದು. ಜುನಿಪರ್ ಕಟ್ಟಿಗೆಯನ್ನು ಒಲೆಯೊಳಗೇ ಉರಿಸಿ, ಗೋಡೆ ಕಾದ ಮೇಲೆ ಕೆಂಡ, ಬೂದಿಗಳನ್ನು ಗೋರಿ ತೆಗೆದು, ಒದ್ದೆ ಬಟ್ಟೆ ಕಟ್ಟಿದ ಕೋಲಿನಿಂದ ಒಳನೆಲವನ್ನು ಒರೆಸುತ್ತಾರೆ. ಕಾವು ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಮೆಕ್ಕೆಜೋಳದ ತೆನೆಯ ಒಣಸಿಪ್ಪೆಯನ್ನೋ ಕಾಗದದ ಚೂರನ್ನೋ ಒಳಗೆ ಎಸೆಯುವುದು ರೂಢಿ: ಥಟ್ಟನೆ ಕರಿದಾದರೆ ಕಾವು ಇಳಿಯುವವರೆಗೆ ಬಿಡಬೇಕು, ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿದರೆ ಬ್ರೆಡ್ಡಿನ ಉಂಡೆಗಳನ್ನು ಉದ್ದ ಹಿಡಿಯ ಮರದ ಹಲಗೆಯಲ್ಲಿ ಒಳಕ್ಕೆ ಸರಿಸಿ ಬಾಯಿ ಮುಚ್ಚಬಹುದು. ನನಗೆ ಇದನ್ನು ತೋರಿಸಿದ ಅಜ್ಜಿ, ತಾನು ಹುಡುಗಿಯಾಗಿದ್ದಾಗ ಹಬ್ಬದ ಮುನ್ನಾದಿನ ಈ ಸಿಪ್ಪೆ ಎಸೆಯುವ ಕೆಲಸ ತನಗೇ ಬೇಕೆಂದು ಅಕ್ಕಂದಿರ ಜೊತೆ ಜಗಳವಾಡುತ್ತಿದ್ದುದನ್ನು ಹೇಳಿ ನಕ್ಕರು.

ಗೋಧಿಗಿಂತ ಹಳೆಯದು ಮೆಕ್ಕೆಜೋಳ. ಅದನ್ನು ಅರೆಯುವ ಕಲ್ಲು ನಮ್ಮ ಬೀಸುವ ಕಲ್ಲಿನಂತೆ ಸುತ್ತುವುದಲ್ಲ; ಹೆಂಗಸರು ಮಂಡಿಯೂರಿ ಕೂತು, ಓರೆಯಾಗಿ ಹೂಡಿದ ಕಲ್ಲಿನ ಮೇಲೆ ಇನ್ನೊಂದು ಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಿ, ತರಿಯಿಂದ ನುಣುಪಿನವರೆಗೆ ಒಂದು ಕಲ್ಲಿನಿಂದ ಮತ್ತೊಂದಕ್ಕೆ ಹಿಟ್ಟನ್ನು ಸಾಗಿಸುತ್ತಿದ್ದರು, ಜೊತೆಗೆ ಹಾಡುತ್ತಲೂ ಇದ್ದರು. ಗೋಡೆಗೆ ಮಣ್ಣು ಮೆತ್ತುವುದೂ ಹೆಚ್ಚಾಗಿ ಅವರದೇ ಕೆಲಸ. ವಸಂತ ಬಂತೆಂದರೆ ಕಾಲುವೆಯ ಹೂಳೆತ್ತಲು ಗಂಡಸರೆಲ್ಲ ಹೊರಡಬೇಕಿತ್ತು. ಹೂಳು ತೆಗೆಯದಿದ್ದರೆ ಹೊಲಕ್ಕೆ ನೀರಿಲ್ಲವಾದ್ದರಿಂದ, ಊರಿನವನಾಗಿರುವುದು ಎಂದರೆ ಗುದ್ದಲಿ ಹಿಡಿದು ಬರುವುದು ಎಂದೇ ಮುದುಕರು ಇಂದಿಗೂ ಭಾವಿಸುತ್ತಾರೆ.

ಚಳಿಗಾಲ ಕಥೆಗಳ ಕಾಲ. ಕೊಚಿಟಿ ಎಂಬ ಪ್ಯೂಬ್ಲೊದ ಕುಂಬಾರಿಕೆಯ ಕಲಾವಿದೆ ಹೆಲೆನ್ ಕೊರ್ಡೆರೊ 1964ರಲ್ಲಿ ಮಣ್ಣಿನಲ್ಲಿ ಮಾಡಿದ ಮೊದಲ ‘ಕಥೆಗಾರ’ ಬೊಂಬೆ, ಮೈಮೇಲೆಲ್ಲ ಮಕ್ಕಳನ್ನು ಹತ್ತಿಸಿಕೊಂಡು ಬಾಯಿ ತೆರೆದು ಕೂತ ಅವರ ಅಜ್ಜನ ನೆನಪಿನದು. ಒಂದು ಮನೆಯ ನೆನಪು ಹೀಗೆ ಅನೇಕ ಊರುಗಳ ಕುಂಬಾರಿಕೆಗೆ ಹಬ್ಬಿತು.

ಎಲ್ಲ ನೆನಪುಗಳೂ ಬೆಚ್ಚಗಿನವಲ್ಲ. ಆಲ್ಬುಕರ್ಕಿಯಲ್ಲಿ 1881ರಲ್ಲೂ ಸಾಂಟಾ ಫೆಯಲ್ಲಿ 1890ರಲ್ಲೂ ತೆರೆದ ವಸತಿ ಶಾಲೆಗಳಿಗೆ ಮಕ್ಕಳನ್ನು ಒಯ್ದು, ಕೂದಲು ಕತ್ತರಿಸಿ, ಮನೆಮಾತು ಆಡಿದರೆ ಶಿಕ್ಷಿಸುತ್ತಿದ್ದ ಕಾಲವನ್ನು ಹಿರಿಯರು ಸ್ವರ ತಗ್ಗಿಸಿ ಹೇಳುತ್ತಾರೆ. ಲಗೂನಾ ಎಂಬ ಪ್ಯೂಬ್ಲೊದ ನೆಲದಲ್ಲಿ 1953ರಿಂದ 1982ರವರೆಗೆ ಜಾಕ್‌ಪೈಲ್ ಯುರೇನಿಯಂ ಗಣಿ ನಡೆಯಿತು. ಅದು ಸಂಬಳ ತಂದಿತು, ಹೌದು. ಆದರೆ ಸಿಡಿತದ ದೂಳು ಹೊರಗೆ ಒಣಹಾಕಿದ ಮಾಂಸ, ಹಣ್ಣುಗಳ ಮೇಲೆ ಬಂದು ಕೂರುತ್ತಿದ್ದುದನ್ನು ಗಣಿಯ ಪಕ್ಕದ ಪಗ್ವಾಟೆ ಊರಿನವರು ಮರೆತಿಲ್ಲ.

ಇನ್ನು ಆಚರಣೆಗಳ ವಿಷಯ. ಸ್ಪೇನಿನ ಪಾದ್ರಿಗಳು ಕೀವಾಗಳ ಮೇಲೆ, ಅಂದರೆ ಆಚರಣೆಯ ಕೋಣೆಗಳ ಮೇಲೆ, ದಾಳಿ ಮಾಡಿಸಿದ್ದು, ಸ್ಪೇನಿನವರ ವಿರುದ್ಧ ಪ್ಯೂಬ್ಲೊ ಜನ ಎದ್ದ 1680ರ ದಂಗೆಗೆ ಒಂದು ಕಾರಣವಾಯಿತು. 1921ರಲ್ಲಿಯೂ ಅಮೆರಿಕದ ಇಂಡಿಯನ್ (ಅಂದರೆ ಅಲ್ಲಿನ ಮೂಲನಿವಾಸಿಗಳ) ವ್ಯವಹಾರಗಳ ಇಲಾಖೆ ಕುಣಿತಗಳನ್ನು ಹತ್ತಿಕ್ಕಲು ಸುತ್ತೋಲೆ ಹೊರಡಿಸಿತು. ಹೊರಗಿನವರಿಗೆ ಹೇಳಿದರೆ ಏನಾಗುತ್ತದೆ ಎಂಬುದನ್ನು ಇಷ್ಟು ಸಲ ಕಂಡವರು ಬಾಯಿ ಬಿಗಿ ಹಿಡಿಯುವುದು ಸಹಜ. ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವೂ ಇದೆ: ಅಲ್ಲಿ ಇಂಥ ತಿಳಿವಳಿಕೆ ಅದರ ಹೊಣೆ ಹೊತ್ತವರಿಗೆ ಸೇರಿದ್ದು, ಊರೊಳಗಿನವರಿಗೂ ಎಲ್ಲವನ್ನೂ ಹೇಳುವುದಿಲ್ಲ. ಆದ್ದರಿಂದ ಹಿರಿಯರು ಮಾತು ನಿಲ್ಲಿಸಿದ ಕಡೆ ಮರೆವು ಇದೆಯೆಂದು ತಿಳಿಯಬೇಡಿ. ಒಲೆಯ ಬಗ್ಗೆ ಹೇಳುವಾಗ, ಯಾವುದನ್ನು ಹೇಳಬಹುದು ಎಂಬುದನ್ನು ಅವರು ಆಗಲೇ ಆರಿಸಿರುತ್ತಾರೆ.

ಕೇಳಬಾರದ್ದನ್ನು ಕೇಳುವ ತಪ್ಪನ್ನು ನಾನೂ ಮಾಡಿದವಳೇ. ಅದೇ ಅಜ್ಜಿಯ ಮನೆಯಲ್ಲಿ ಹಬ್ಬದೂಟಕ್ಕೆ ಕೂತಾಗ, ಜೋಳ ಅರೆಯುವ ಹಾಡಿನ ಅರ್ಥವೇನೆಂದು ಕೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಮಾಂಸ ತಿನ್ನದ ನನ್ನ ತಟ್ಟೆಗೆ ಇನ್ನೊಂದು ತುಂಡು ಬ್ರೆಡ್ ಹಾಕಿ, ಈ ಸಲ ಒಲೆ ಸ್ವಲ್ಪ ಹೆಚ್ಚೇ ಕಾದಿತ್ತು, ತಳ ನೋಡು ಎಂದರು. ಬಾಗಿಲಲ್ಲಿ ಮುಂದಿನ ಪಂಕ್ತಿಯ ಅತಿಥಿಗಳು ಕಾಯುತ್ತಿದ್ದುದರಿಂದ ನಾನು ಬೇಗ ತಿಂದು ಎದ್ದೆ.