ಮೊಟ್ಟೆ ನಿಲ್ಲಿಸಿದರೆ ನಾಯಿಯ ಕಣ್ಣಿನ ಒತ್ತಡ ಇಳಿಯುವುದಿಲ್ಲ

ಪ್ರಶ್ನೆ: ನಮ್ಮ ಐದು ವರ್ಷದ ಲ್ಯಾಬ್ರಡಾರ್‌ಗೆ ಟಿಕ್ ಫೀವರ್ ಬಂದ ಮೇಲೆ ಎಡಗಣ್ಣು ಕೆಂಪಾಗಿ ಮಸುಕಾಗಿದೆ. ‘ಕಣ್ಣಿನೊಳಗಿನ ನೀರಿಗೆ ಪ್ರೋಟೀನ್ ಸೇರಿದೆ, ಒತ್ತಡ ಸದ್ಯ ನಾರ್ಮಲ್ ಇದೆ, ಮುಂದೆ ಏರಬಹುದು’ ಎಂದು ವೈದ್ಯರು ಹೇಳಿದರು. ಮೊಟ್ಟೆ, ಕೋಳಿ ನಿಲ್ಲಿಸಿದ್ದೇವೆ. ಅಜ್ಜನವರ ಗ್ಲಾಕೋಮಾ (ಕಣ್ಣಿನ ಒತ್ತಡ ಏರುವ ರೋಗ) ಡ್ರಾಪ್ಸ್ ಮನೆಯಲ್ಲಿದೆ, ಹಾಕಬಹುದೇ?

ಉತ್ತರ: ಮೊದಲು ಆ ಪ್ರಾಣಿಗೆ ಮೊಟ್ಟೆ ಕೊಡಿ. ‘ಪ್ರೋಟೀನ್’ ಎಂಬ ಮಾತು ಕಿವಿಗೆ ಬಿದ್ದ ತಕ್ಷಣ ಜ್ವರದಿಂದ ಬಳಲಿದ ನಾಯಿಯನ್ನು ಗಂಜಿಯ ಮೇಲೆ ಕೆಡವುವವರ ಪತ್ರಗಳಿಗೆ ಉತ್ತರಿಸಿ ನನಗೆ ಸಾಕಾಗಿದೆ. ತಿಂದ ಪ್ರೋಟೀನ್ ಕರುಳಿನಲ್ಲಿಯೇ ಒಡೆದು ಹೋಗುತ್ತದೆ. ಕಣ್ಣಿನಲ್ಲಿ ಕಂಡದ್ದು ನಾಯಿಯ ರಕ್ತದಿಂದಲೇ ಸೋರಿದ್ದು.

ಆರೋಗ್ಯವಂತ ಕಣ್ಣಿನೊಳಗಿನ ನೀರಿನಲ್ಲಿರುವ ಪ್ರೋಟೀನ್, ರಕ್ತದಲ್ಲಿರುವುದರ ಶೇಕಡಾ 1ಕ್ಕಿಂತಲೂ ಕಡಿಮೆ. ಉಣ್ಣಿಯಿಂದ ಬರುವ ಎರ್ಲಿಕಿಯಾ ಸೋಂಕು ರಕ್ತನಾಳಗಳನ್ನು ಉರಿಯೂತಕ್ಕೆ ಒಳಪಡಿಸಿದಾಗ, ರಕ್ತದ ಪ್ರೋಟೀನ್ ಕಣ್ಣಿನೊಳಗೆ ಇಳಿಯದಂತೆ ಹಿಡಿದಿಡುವ ತಡೆ ಮುರಿಯುತ್ತದೆ. ಕೋಣೆಯನ್ನು ಕತ್ತಲು ಮಾಡಿ ಸಣ್ಣ ಬೆಳಕಿನ ಗೆರೆಯೊಂದನ್ನು ಕಣ್ಣಿಗೆ ಹಾಯಿಸಿದರೆ, ಸರಿಯಿರುವ ಕಣ್ಣಿನಲ್ಲಿ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪೊರೆ) ಮತ್ತು ಮಸೂರದ ನಡುವೆ ಆ ಗೆರೆ ಕಾಣುವುದೇ ಇಲ್ಲ; ಪ್ರೋಟೀನ್ ಸೋರಿದ ಕಣ್ಣಿನಲ್ಲಿ ಹೊಗೆ ತುಂಬಿದ ಅಡುಗೆಮನೆಗೆ ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲಿನಂತೆ ಅದು ಎದ್ದು ಕಾಣುತ್ತದೆ. ನಿಮ್ಮ ವೈದ್ಯರು ನೋಡಿದ್ದು ಅದನ್ನೇ.

ಈ ನೀರು ಪಾಪೆಯ ಮೂಲಕ ಮುಂದಕ್ಕೆ ಬಂದು, ಕಾರ್ನಿಯಾ ಮತ್ತು ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಸೇರುವ ಮೂಲೆಯಲ್ಲಿ ಬಾಚಣಿಗೆ ಹಲ್ಲಿನಂಥ ಎಳೆಗಳ ನಡುವೆ ನುಸುಳಿ, ಅದರ ಹಿಂದಿನ ಸ್ಪಂಜಿನಂಥ ಜಾಲದಿಂದ ರಕ್ತಕ್ಕೆ ಮರಳುತ್ತದೆ. ಸೋರಿದ ಪ್ರೋಟೀನುಗಳಲ್ಲಿ ಒಂದಾದ ಫೈಬ್ರಿನೋಜನ್, ಫೈಬ್ರಿನ್ ಎಂಬ ಎಳೆಗಳಾಗಿ ಹೆಪ್ಪುಗಟ್ಟಿ ಉರಿಯೂತದ ಕಣಗಳ ಜೊತೆಗೆ ಈ ಜಾಲವನ್ನು ಮುಚ್ಚುತ್ತದೆ, ಅಷ್ಟೇ ಅಲ್ಲದೆ ಅಂಟಿನಂತೆ ಐರಿಸ್ಸನ್ನು ಮಸೂರಕ್ಕೆ ಅಂಟಿಸಿ ಪಾಪೆಯ ದಾರಿಯನ್ನೇ ಕಟ್ಟಿಬಿಡಬಲ್ಲದು. ‘ನಾರ್ಮಲ್’ ಒತ್ತಡ ನನ್ನನ್ನು ಹೆದರಿಸುವುದು ಇದರಿಂದಲೇ. ನಾಯಿಯಲ್ಲಿ ಸುಮಾರು 15ರಿಂದ 25 ಮಿಲಿಮೀಟರ್ ಪಾದರಸ ಸಹಜ. ಆದರೆ ಉರಿಯೂತವಿದ್ದಾಗ ನೀರು ತಯಾರಾಗುವುದೇ ಕಡಿಮೆಯಾಗಿ ಒತ್ತಡ ಅದಕ್ಕಿಂತ ಇಳಿದಿರಬೇಕು. ಇಳಿಯದೆ 20ರಲ್ಲಿ ನಿಂತಿದ್ದರೆ ಹೊರದಾರಿ ಆಗಲೇ ಕಟ್ಟತೊಡಗಿದೆ ಎಂದೇ ನಾನು ಎಣಿಸುತ್ತೇನೆ, ಎರಡು ದಿನದೊಳಗೆ ಮತ್ತೆ ಅಳೆಯುತ್ತೇನೆ.

ಅಜ್ಜನವರ ಡ್ರಾಪ್ಸ್ ಅಜ್ಜನವರಿಗೇ ಇರಲಿ. ಅವುಗಳಲ್ಲಿ ಬಹಳ ಜನ ಬಳಸುವ ಲಟನೊಪ್ರೊಸ್ಟ್ ನಾಯಿಯ ಪಾಪೆಯನ್ನು ಸೂಜಿಮೊನೆಯಷ್ಟು ಕಿರಿದು ಮಾಡುತ್ತದೆ. ಫೈಬ್ರಿನ್ ಇರುವ ಕಣ್ಣಿನಲ್ಲಿ ಅದು ಬಾಗಿಲು ಮುಚ್ಚಿ ಚಿಲಕ ಹಾಕಿದಂತೆ. ಮೆಡಿಕಲ್ ಶಾಪಿನವರು ಕೈಗಿತ್ತ ಸ್ಟೀರಾಯ್ಡ್ ಡ್ರಾಪ್ಸ್ ಕೂಡ ಬೇಡ. ಉರಿಯೂತಕ್ಕೆ ಅದು ಬೇಕಾಗಬಹುದು, ಆದರೆ ಕಾರ್ನಿಯಾದಲ್ಲಿ ಹುಣ್ಣಿಲ್ಲವೆಂದು ಹಸಿರು ಬಣ್ಣ ಹಾಕಿ ನೋಡಿದ ಮೇಲೆ ಮಾತ್ರ. ಟಿಕ್ ಫೀವರ್‌ಗೆ ವೈದ್ಯರು ಕೊಟ್ಟ ಮಾತ್ರೆಗಳ ಅವಧಿಯನ್ನೂ ನಡುವೆ ನಿಲ್ಲಿಸಬೇಡಿ. ಸೋಂಕು ಉಳಿದರೆ ಸೋರಿಕೆಯೂ ಉಳಿಯುತ್ತದೆ.

ಪ್ರಶ್ನೆ: ಬೀಗಲ್ ಮರಿ ಕೊಳ್ಳುತ್ತಿದ್ದೇವೆ. ತಂದೆತಾಯಿಯ ಕಣ್ಣು ಚೆನ್ನಾಗಿದ್ದರೆ ಸಾಕೇ?

ಉತ್ತರ: ಸಾಲದು. ಬೀಗಲ್‌ಗಳ ಒಂದು ಬಗೆಯ ಗ್ಲಾಕೋಮಾಕ್ಕೆ ಎಡಿಎಎಂಟಿಎಸ್10 ಎಂಬ ಪ್ರೋಟೀನಿನ ಜೀನ್‌ನಲ್ಲಿರುವ ದೋಷವನ್ನು 2011ರಲ್ಲಿ ಗುರುತಿಸಲಾಯಿತು. ಒಂದೇ ಕೆಟ್ಟ ಪ್ರತಿಯನ್ನು ಹೊತ್ತ ತಂದೆತಾಯಿಯ ಕಣ್ಣು ಚೆನ್ನಾಗಿಯೇ ಇರುತ್ತದೆ. ಜೀನ್ ಪರೀಕ್ಷೆಯ ವರದಿ ಕೇಳಿ.

ಪ್ರಶ್ನೆ: ಹಸುವಿನ ಕಣ್ಣಲ್ಲಿ ನೀರು ಸುರಿಯುತ್ತಿದೆ. ಉಪ್ಪು ಅಗಿದು ಉಗುಳಿದರೆ ಒಳಗಿನ ಒತ್ತಡ ಇಳಿಯುವುದೇ?

ಉತ್ತರ: ಇಲ್ಲ; ಸುರಿಯುವುದು ಕಣ್ಣೀರು, ಒಳಗಿನ ನೀರಲ್ಲ. ಉಪ್ಪು, ಹೊಗೆಸೊಪ್ಪಿನ ರಸ ಕಾರ್ನಿಯಾವನ್ನು ಸುಡುತ್ತವೆ. ನೊಣ ತರುವ ಕಣ್ಣುಹುಳು ಇದ್ದೀತು, ರೆಪ್ಪೆ ಎತ್ತಿ ವೈದ್ಯರಿಂದ ನೋಡಿಸಿ.

ಪ್ರಶ್ನೆ: ಬೆಕ್ಕಿನ ಕಣ್ಣಿನ ಒತ್ತಡಕ್ಕೆ ಕ್ಯಾರೆಟ್ ರಸ?

ಉತ್ತರ: ನೀವೇ ಕುಡಿಯಿರಿ.