ನಾಲ್ಕು ಲಕ್ಷದಲ್ಲಿ ಮೈಸೂರಿನ ಹಳೇ ಮನೆಯನ್ನು ಹೊಸದರ ಹಾಗೆ ಮಾಡಿಸಬಹುದಾ? ಮೊದಲು ಟೈಲ್ಸೋ, ಫಾಲ್ಸ್ ಸೀಲಿಂಗೋ?

ಎರಡೂ ಬೇಡ.

ಅಜ್ಜ ಕಟ್ಟಿಸಿದ ಮನೆ, ಚಾಮುಂಡಿಪುರಂ ಕಡೆ, ದಪ್ಪ ಗೋಡೆ, ಕೆಂಪು ನೆಲ, ಹಜಾರದಲ್ಲಿ ಕೆಳಗಡೆ ಬಣ್ಣ ಉದುರುತ್ತಿದೆ ಅಂತ ಬರೆದಿದ್ದೀರಿ. ಆ ಕೊನೆಯ ಮಾತನ್ನು ನೀವು ಸುಮ್ನೆ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ. ನಮ್ಮದು ಕೃಷ್ಣಮೂರ್ತಿಪುರಂ. ಅದೇ ಗೋಡೆ, ಅದೇ ಹಜಾರ.

ತಂಗಿಗೆ ಮದುವೆ ಗೊತ್ತಾಗಿದ್ದ ವರ್ಷ. ಬೀಗರ ಕಡೆಯವರು ದಸರಾ ನೋಡೋಕೆ ಬಂದು ನಮ್ಮಲ್ಲೇ ಉಳಿಯುವುದು ಅಂತಾಗಿತ್ತು. ಗೊಂಬೆ ಕೂರಿಸುವ ಹಜಾರದಲ್ಲಿ ಮೊಣಕಾಲೆತ್ತರದವರೆಗೆ ಗಾರೆ ಪುಡಿಪುಡಿ. ಬೆಳಿಗ್ಗೆ ಗುಡಿಸಿದರೆ ಸಂಜೆಗೆ ಮತ್ತೆ ಗೋಡೆಯುದ್ದಕ್ಕೂ ಬಿಳಿ ಪುಡಿ. ಅಮ್ಮ ಆ ಜಾಗಕ್ಕೆ ಬೆತ್ತದ ಕುರ್ಚಿ ಅಡ್ಡ ಇಟ್ಟು ಮರ್ಯಾದೆ ಕಾಪಾಡುತ್ತಿದ್ದರು. ಮೇಸ್ತ್ರಿ ಬಂದು ಹೆಬ್ಬೆರಳಲ್ಲಿ ಕೆರೆದು ನೋಡಿದರು. "ಇದು ಸತ್ತೋದ ಗಾರೆ ಸಾರ್. ಕೆತ್ತಾಕಿ ಸಿಮೆಂಟ್ ಹೊಡೆದುಬಿಡೋಣ. ಮೇಲೆ ಪುಟ್ಟಿ ಎಳೆದರೆ ಕನ್ನಡಿ ಆಗೋಗುತ್ತೆ" ಅಂದರು. ನನಗೂ ಬೇಕಾಗಿದ್ದು ಅದೇ. ಸೆಪ್ಟೆಂಬರ್ ಮಳೆಯಲ್ಲೇ ಕೆಲಸ ಹಿಡಿಸಿದೆ. ಸಿಮೆಂಟ್ ಪ್ಲಾಸ್ಟರ್, ಡ್ಯಾಂಪ್ ತಡೆಯುತ್ತದೆ ಅಂತ ಡಬ್ಬದ ಮೇಲೆ ಬರೆದಿದ್ದ ಪ್ರೈಮರ್, ಎರಡು ಕೋಟ್ ಪುಟ್ಟಿ, ದುಬಾರಿ ಎಮಲ್ಷನ್. ನಿಜವಾಗಲೂ ಕನ್ನಡಿ. ಬೀಗರು ಹೊಗಳಿದ್ದೇ ಹೊಗಳಿದ್ದು.

ದೀಪಾವಳಿ ಕಳೆಯುತ್ತಿದ್ದಂತೆ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಒತ್ತಿದರೆ ಒಡೆದು ಒಳಗಿಂದ ಉಪ್ಪು ಉದುರುತ್ತಿತ್ತು. ಯುಗಾದಿ ಹೊತ್ತಿಗೆ ತೇವದ ಗೆರೆ ಸೊಂಟ ದಾಟಿತ್ತು. ಮೊದಲು ಇದ್ದದ್ದು ಮೊಣಕಾಲಿಗೆ, ನೆನಪಿರಲಿ.

ಯಾಕೆ ಹೀಗಾಯಿತು ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರಾದರೂ ಓದಿ. ಪ್ಲೇಗ್ ಬಂದು ಹೋದ ಮೇಲೆ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಗಿ, ನಮ್ಮೂರಿನ ಹಳೇ ಬಡಾವಣೆಗಳು ಒಂದೊಂದಾಗಿ ಎದ್ದವಲ್ಲ, ಆ ಕಾಲದ ಮನೆಗಳಿಗೆ ಇಟ್ಟಿಗೆ, ಮಣ್ಣು, ಸುಣ್ಣದ ಗಾರೆಯೇ ಗತಿ. ಈಗ ಪಾಯದ ಮೇಲೆ ತೇವ ತಡೆಯುವುದಕ್ಕೆ ಒಂದು ಪದರ ಹಾಕುತ್ತಾರೆ. ಆಗ ಸಾಮಾನ್ಯವಾಗಿ ಅದು ಇರಲಿಲ್ಲ. ನೆಲದ ತೇವವನ್ನು ಇಟ್ಟಿಗೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಆದರೆ ಸುಣ್ಣದ ಗಾರೆಗೆ ಸಣ್ಣ ಸಣ್ಣ ರಂಧ್ರ ಇರುತ್ತವೆ. ಎಳೆದುಕೊಂಡ ನೀರು ಅದರ ಮೂಲಕ ಆರಿಹೋಗುತ್ತದೆ. ನೀರಿನ ಜೊತೆ ಬಂದ ಉಪ್ಪು ಮಾತ್ರ ಮೇಲ್ಮೈಯಲ್ಲಿ ಉಳಿದು ಗಾರೆಯನ್ನು ಪುಡಿ ಮಾಡುತ್ತದೆ. ಅಂದರೆ ನಮ್ಮಮ್ಮ ದಿನಾ ಗುಡಿಸುತ್ತಿದ್ದ ಆ ಪುಡಿಯೇ, ಗೋಡೆ ಉಸಿರಾಡುತ್ತಿದೆ ಅನ್ನುವುದಕ್ಕೆ ಸಾಕ್ಷಿ. ಮೇಸ್ತ್ರಿ ಅದನ್ನು ಸತ್ತ ಗಾರೆ ಅಂದರು.

ಅದರ ಮೇಲೆ ಸಿಮೆಂಟ್, ಪುಟ್ಟಿ, ಪ್ಲಾಸ್ಟಿಕ್ ಬಣ್ಣ ಬಳಿದರೆ ನೀರಿಗೆ ಹೊರಗೆ ಬರುವ ದಾರಿಯೇ ಇಲ್ಲ. ಕೆಳಗಿಂದ ಬರುವುದಂತೂ ನಿಲ್ಲುವುದಿಲ್ಲ. ಆಗ ಅದು ಸಿಮೆಂಟ್ ಮುಗಿಯುವ ಜಾಗ ಹುಡುಕಿಕೊಂಡು ಮೇಲಕ್ಕೆ ಹತ್ತುತ್ತದೆ. ನಮ್ಮಲ್ಲಿ ಸ್ವಿಚ್ ಬೋರ್ಡಿನ ತನಕ ಹತ್ತಿತು, ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಬಾಗಿಲುವಾಡದ ಬುಡ ಒಳಗೊಳಗೇ ಮೆತ್ತಗಾಗಿ ಗೆದ್ದಲು ಬಂತು. ತೇಗದ ಬಾಗಿಲುವಾಡ ಸ್ವಾಮಿ, ಅಜ್ಜ ಆರಿಸಿ ತಂದದ್ದು. ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಇಳಿಯಿತು. ಸಿಮೆಂಟ್ ಹೊಡೆಸಿದ ಖರ್ಚು, ಅದನ್ನು ಕೆತ್ತಿಸಿದ ಖರ್ಚು, ವೈರಿಂಗ್, ಬಡಗಿ ಕೂಲಿ ಎಲ್ಲ ಸೇರಿ ಒಂದೂವರೆ ಲಕ್ಷ ನೀರಿಗೆ ಹೋಯಿತು.

ಇಷ್ಟಕ್ಕೂ ರೋಗ ಇದ್ದದ್ದು ಗೋಡೆಯಲ್ಲೇ ಅಲ್ಲ. ವರ್ಷವರ್ಷ ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಎತ್ತರವಾಗಿತ್ತು. ಅದಕ್ಕೆ ಸರಿಯಾಗಿ ನಾವೂ ಅಂಗಳಕ್ಕೆ ಮಣ್ಣು ಹೊಡೆಸಿ ಏರಿಸಿದ್ದೆವು. ಕೊನೆಗೆ ಹೊರಗಿನ ನೆಲ ಹಜಾರದ ನೆಲಕ್ಕಿಂತ ಒಂದು ಗೇಣು ಮೇಲಿತ್ತು. ಹಿತ್ತಲಲ್ಲಿ, ಕನ್ಸರ್ವೆನ್ಸಿ (ಮನೆಗಳ ಹಿಂದಿನ ಓಣಿ) ಕಡೆ, ಬಚ್ಚಲ ಪೈಪು ಮಣ್ಣೊಳಗೆ ಬಿರುಕು ಬಿಟ್ಟಿತ್ತು. ತಾರಸಿ ನೀರಿನ ಪೈಪಂತೂ ನೇರ ಗೋಡೆ ಬುಡಕ್ಕೇ ಸುರಿಯುತ್ತಿತ್ತು. ಇದನ್ನೆಲ್ಲ ನೋಡೋಕೆ ಇಂಜಿನಿಯರ್ ಬೇಕಿರಲಿಲ್ಲ. ಮಳೆ ಬರುವಾಗ ಛತ್ರಿ ಹಿಡಿದು ಮನೆ ಸುತ್ತ ಒಂದು ಸುತ್ತು ಹಾಕಿದ್ದರೆ ಸಾಕಿತ್ತು. ನೀವು ಮೊದಲು ಅದನ್ನು ಮಾಡಿ.

ಆಮೇಲೆ ಹಜಾರದ ಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಗಡೆ, ಗೋಡೆಯ ಕಡೆಗೆ ಬೆವರಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ ಅಂತ. ಗಾರೆ ಯಾವುದು ಅಂತ ತಿಳಿಯಬೇಕಾದರೆ ಮೂಲೆಯಲ್ಲಿ ಚಾಕುವಿನಿಂದ ಕೆರೆಯಿರಿ. ಸುಣ್ಣದ್ದಾದರೆ ಮೆತ್ತಗೆ ಪುಡಿಯಾಗುತ್ತದೆ, ಸಿಮೆಂಟಾದರೆ ಚಾಕು ಜಾರುತ್ತದೆ.

ಸುಣ್ಣದ್ದೇ ಆಗಿದ್ದರೆ ಹೊರಗಿನ ಮಣ್ಣು ತೆಗೆಸಿ ಒಳಗಿನ ನೆಲಕ್ಕಿಂತ ತಗ್ಗಿಸಿ. ಗೋಡೆಗೆ ತಾಗಿ ಕಾಂಕ್ರೀಟ್ ಬಳಿಸಬೇಡಿ. ಸಣ್ಣ ಕಾಲುವೆ ತೋಡಿ ಜಲ್ಲಿ ತುಂಬಿಸಿ, ನೀರು ಮನೆಯಿಂದ ದೂರ ಹೋಗುವ ಹಾಗೆ ವಾಟ ಕೊಡಿ. ಹಾಳಾದ ಗಾರೆಯನ್ನು ತೇವದ ಗೆರೆಗಿಂತ ಒಂದಡಿ ಮೇಲಿನ ತನಕ ಕೆತ್ತಿಸಿ, ಇಟ್ಟಿಗೆ ಕಾಣುವ ಹಾಗೆ ಬೇಸಿಗೆ ಪೂರ್ತಿ ಬಿಟ್ಟುಬಿಡಿ. ಮೇಲೆ ಬಂದ ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಗೇ ಹೋಗುತ್ತದೆ. ಆಮೇಲೆ ಸುಣ್ಣ-ಮರಳಿನ ಗಾರೆ, ಮೇಲೆ ಸುಣ್ಣವೇ ಬಳಿಯುವುದು. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಈಗ ಸುಲಭಕ್ಕೆ ಸಿಗುವುದಿಲ್ಲ. ಹಳೇ ದೇವಸ್ಥಾನ, ಹಳೇ ಕಟ್ಟಡ ರಿಪೇರಿ ನಡೆಯುವ ಕಡೆ ಹೋಗಿ ಕೇಳಿ, ಅಲ್ಲಿ ಸಿಗುತ್ತಾರೆ. "ಒಂಚೂರು ಸಿಮೆಂಟ್ ಬೆರೆಸೋಣ, ಬೇಗ ಸೆಟ್ ಆಗುತ್ತೆ" ಅನ್ನುವವರನ್ನು ಕಾಫಿ ಕೊಟ್ಟು ಕಳಿಸಿ.

ಅಷ್ಟು ದಿನ ಮನೆ ಚೆನ್ನಾಗಿ ಕಾಣುವುದಿಲ್ಲ. ನಮ್ಮ ಮನೆಗೆ ಬಂದವರೆಲ್ಲ "ಕೆಲಸ ಅರ್ಧಕ್ಕೇ ನಿಂತುಬಿಡ್ತಾ, ದುಡ್ಡು ಸಾಲಲಿಲ್ವಾ" ಅಂತ ಕೇಳಿದರು. ಕೇಳಲಿ ಬಿಡಿ.

ಇನ್ನು ನಿಮ್ಮ ಟೈಲ್ಸ್. ಆ ಕೆಂಪು ನೆಲದ ಮೇಲೆ ಟೈಲ್ಸ್ ಹಾಕಿದರೆ ನೆಲ ಏರುತ್ತದೆ, ಬಾಗಿಲುಗಳನ್ನೆಲ್ಲ ಕೆಳಗೆ ಕೊಯ್ಯಿಸಬೇಕು, ಹೊಸ್ತಿಲು ಮುಳುಗುತ್ತದೆ. ಕೆಳಗಿನ ತೇವ ಅಲ್ಲೂ ದಾರಿ ಕಾಣದೆ ಗೋಡೆಗೇ ತಿರುಗುತ್ತದೆ. ತಿಕ್ಕಿಸಿ ಪಾಲಿಷ್ ಮಾಡಿಸಿ ಸಾಕು. ಈಗ ಹೊಸದಾಗಿ ಅಂಥ ನೆಲ ಮಾಡಿಸೋಣ ಅಂದರೆ ಕೆಲಸಗಾರರೇ ಸಿಗುವುದಿಲ್ಲ, ನೀವು ಇರುವುದನ್ನು ಮುಚ್ಚೋಕೆ ಹೊರಟಿದ್ದೀರಿ! ಫಾಲ್ಸ್ ಸೀಲಿಂಗ್ ಅದಕ್ಕಿಂತ ಕೆಟ್ಟ ಐಡಿಯಾ. ನಿಮ್ಮದು ಮರದ ತೊಲೆ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿ ಅನ್ನಿಸುತ್ತದೆ. ತೊಲೆಗೆ ಗೆದ್ದಲು ಹಿಡಿದರೆ, ನೀರು ಸೋರಿದರೆ ಕಣ್ಣಿಗೆ ಕಾಣಬೇಕು. ಜಿಪ್ಸಮ್ ಹಲಗೆ ಹಿಂದೆ ಏನು ಕಾಣುತ್ತದೆ?

ನಾಲ್ಕು ಲಕ್ಷವನ್ನು ತಾರಸಿ, ನೀರು ಹೋಗುವ ಪೈಪು, ಗೋಡೆ ಬುಡ, ವೈರಿಂಗ್, ಬಚ್ಚಲು ಇಷ್ಟಕ್ಕೇ ಇಡಿ. ವೈರಿಂಗ್‌ನಲ್ಲಿ ಮಾತ್ರ ಜಿಪುಣತನ ಬೇಡ. ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರು. ಅರ್ಥಿಂಗ್ ಸರಿ ಇರಲಿ, ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಲೋಡ್ ಜಾಸ್ತಿಯಾದರೆ ಬೀಳುವ ಎಂಸಿಬಿ ಇದೆಯಲ್ಲ ಅಂತ ಬಿಡಬೇಡಿ, ಶಾಕ್ ಹೊಡೆದಾಗ ಅದು ನಿಮ್ಮನ್ನು ಕಾಪಾಡುವುದಿಲ್ಲ. ಸಾಮಾನು ನೀವೇ ತಂದುಕೊಡಿ, ಕೂಲಿ ಮಾತ್ರ ಗುತ್ತಿಗೆಗೆ ಕೊಡಿ. ಮುಂಗಡ ಕಮ್ಮಿ ಇರಲಿ. ಕೊನೆಯ ಕಂತನ್ನು ಒಂದು ಮಳೆ ಕಳೆಯುವ ತನಕ ಕೈಯಲ್ಲಿ ಇಟ್ಟುಕೊಳ್ಳಿ. ಮೇಸ್ತ್ರಿ ಗೊಣಗುತ್ತಾರೆ, ಗೊಣಗಲಿ.

ಸಂಕ್ರಾಂತಿ ಆದ ಮೇಲೆ ಶುರು ಮಾಡಿ. ನಮ್ಮ ಕಡೆ ಮೇ ತಿಂಗಳಲ್ಲೇ ಜೋರು ಮಳೆ ಹಿಡಿಯುತ್ತದೆ, ಅಷ್ಟರೊಳಗೆ ತಾರಸಿ ಮುಗಿದಿರಬೇಕು. ಪೇಂಟರನ್ನು ಈಗಲೇ ಗೊತ್ತು ಮಾಡಿದ್ದರೆ ಬರಬೇಡ ಅಂತ ಫೋನ್ ಮಾಡಿಬಿಡಿ. ಹಜಾರದ ಗೋಡೆಗೆ ಒಂದು ಅಳತೆ ಟೇಪ್ ಹಿಡಿದು, ಕಲೆ ನೆಲದಿಂದ ಎಷ್ಟು ಎತ್ತರಕ್ಕಿದೆ ಅಂತ ಕಾಣುವ ಹಾಗೆ ಫೋಟೋ ತೆಗೆದು ಕೆಳಗೆ ಹಾಕಿ. ಅದೇ ಗೋಡೆಯ ಹೊರಮೈಯದೂ ಒಂದು ಬೇಕು.