ಕಣ್ಣು ಕಾಣದ ಒಂಬತ್ತನೇ ತರಗತಿ ಹುಡುಗಿಗೆ ಬ್ರೈಲ್ ಗಣಿತ ಪುಸ್ತಕ ಎಲ್ಲಿ ಸಿಗುತ್ತೆ?

ಮೂಡಿಗೆರೆ ಕಡೆಯ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೀರಿ, ಈ ವರ್ಷ ಪೂರ್ತಿ ಕಣ್ಣು ಕಾಣದ ಹುಡುಗಿ ಸೇರಿದ್ದಾಳೆ ಅಂತ ಬರೆದಿದ್ದೀರಿ. ನಾನು ಹಾಸನದಲ್ಲಿ ಗಣಿತ ಮೇಷ್ಟ್ರು. ಇಂಥ ಮಕ್ಕಳಿಗೆ ಪಾಠ ಮಾಡಿದ್ದೇನೆ.

ಪುಸ್ತಕಕ್ಕೆ ಅರ್ಜಿ ಹಾಕಿ, ಆದರೆ ಅದು ಬರಲಿ ಅಂತ ಕಾಯಬೇಡಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಬಿ.ಆರ್.ಸಿ.ಯಲ್ಲಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ವಿಶೇಷ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಮೊದಲು ಅವರನ್ನು ಹಿಡಿಯಿರಿ. ಸರ್ಕಾರಿ ಬ್ರೈಲ್ ಮುದ್ರಣಾಲಯ ಮೈಸೂರಿನಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಉಚಿತವಾಗಿ ಕೊಡಬೇಕು. ಅರ್ಜಿಯಲ್ಲಿ ಆ ಕಾಯ್ದೆಯ ಹೆಸರು ಬರೆಯಿರಿ, ಫೈಲು ಸ್ವಲ್ಪ ಬೇಗ ಓಡುತ್ತದೆ.

ಅಷ್ಟರೊಳಗೆ ಅವಳನ್ನೇ ಒಂದು ಮಾತು ಕೇಳಿ: ಗಣಿತವನ್ನು ಯಾವ ಬ್ರೈಲ್‌ನಲ್ಲಿ ಕಲಿತಿದ್ದಾಳೆ? ಇದನ್ನು ಯಾರೂ ಕೇಳುವುದೇ ಇಲ್ಲ. ಭಾರತದ ಭಾಷೆಗಳಿಗೆ ಬಳಸುವ ನಮ್ಮ ಭಾರತಿ ಬ್ರೈಲ್‌ನಲ್ಲಿ 1 ಅಂದರೆ ಮೊದಲು ಅಂಕಿಯ ಗುರುತು, ಪಕ್ಕದಲ್ಲಿ ‘ಅ’ ಅಕ್ಷರದ್ದೇ ಚುಕ್ಕೆ. ಗಣಿತಕ್ಕಾಗಿಯೇ ಮಾಡಿದ ನೆಮೆತ್ ಪದ್ಧತಿಯಲ್ಲಿ ಅದೇ ಚುಕ್ಕೆ ಆರು ಚುಕ್ಕೆಗಳ ಮನೆಯೊಳಗೇ ಒಂದು ಸಾಲು ಕೆಳಗಿಳಿಯುತ್ತದೆ. ಅಬ್ರಹಾಂ ನೆಮೆತ್ ಅಮೆರಿಕದ ಗಣಿತಜ್ಞ, ಸ್ವತಃ ಕಣ್ಣು ಕಾಣದವರು. ಅವರ ಪದ್ಧತಿ 1952ರಲ್ಲಿ ಪ್ರಕಟವಾಯಿತು. ಭಿನ್ನರಾಶಿ ಎಲ್ಲಿ ಶುರು, ಎಲ್ಲಿ ಮುಗಿಯಿತು ಅನ್ನುವುದಕ್ಕೆ ಅದರಲ್ಲಿ ಬೇರೆ ಬೇರೆ ಗುರುತುಗಳಿವೆ. ಬ್ರೈಲ್‌ನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಹೋಗುತ್ತದಲ್ವಾ, ಆ ಗುರುತು ಇಲ್ಲದಿದ್ದರೆ ಎಕ್ಸ್ ಕೂಡಿಸು ಒಂದನ್ನು ಇಡಿಯಾಗಿ ಎರಡರಿಂದ ಭಾಗಿಸಬೇಕೋ, ಬರೀ ಒಂದನ್ನು ಭಾಗಿಸಬೇಕೋ ಬೆರಳಿಗೆ ಗೊತ್ತಾಗುವುದಿಲ್ಲ. ಅವಳಿಗೆ ನೆಮೆತ್ ಬರದಿದ್ದರೆ ಸಂಪನ್ಮೂಲ ಶಿಕ್ಷಕರಿಂದ ಅದನ್ನೇ ಮೊದಲು ಕಲಿಸಿ. ಇಲ್ಲದಿದ್ದರೆ ಪುಸ್ತಕ ಬಂದರೂ ಬೀರುವಿನಲ್ಲೇ ಇರುತ್ತದೆ.

ಎರಡನೆಯದು, ಲೆಕ್ಕ ಮಾಡುವ ಸಾಧನ. ಕೈಯಲ್ಲಿ ಬ್ರೈಲ್ ಬರೆಯುವ ಸ್ಲೇಟು-ಸ್ಟೈಲಸ್‌ನಲ್ಲಿ (ತೂತಿನ ಪಟ್ಟಿ, ಚುಚ್ಚುವ ಕಡ್ಡಿ) ಬಲದಿಂದ ಎಡಕ್ಕೆ ಚುಚ್ಚಬೇಕು, ಓದಲು ಕಾಗದ ತೆಗೆದು ತಿರುಗಿಸಬೇಕು. ಭಾಗಾಕಾರದ ಮಧ್ಯೆ ಈ ಕಷ್ಟ ಯಾರಿಗೆ ಬೇಕು? ಟೇಲರ್ ಫ್ರೇಮ್ ಕೇಳಿ. ಎಂಟು ಮೂಲೆಯ ತೂತುಗಳು, ಅದಕ್ಕೆ ಕೂರುವ ಮೊಳೆಗಳು. ಮೊಳೆ ಯಾವ ದಿಕ್ಕಿಗೆ ತಿರುಗಿದೆ ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ. ಬೀಜಗಣಿತದ ಮೊಳೆ ಬೇರೆಯೇ ಇರುತ್ತದೆ, ಅದನ್ನೂ ಕೇಳಿ ತರಿಸಿ.

ಇನ್ನು ಚಿತ್ರಗಳು. ಇದು ಪೂರ್ತಿ ನಿಮ್ಮ ಕೈಕೆಲಸ. ಟೈಲರ್ ಅಂಗಡಿಯಲ್ಲಿ ಬಟ್ಟೆಗೆ ಗುರುತು ಹಾಕುವ ಹಲ್ಲಿನ ಗಾಲಿ ಇರುತ್ತದಲ್ಲ, ಅದು ಸಾಕು. ಹಳೇ ಮೌಸ್ ಪ್ಯಾಡ್ ಮೇಲೆ ದಪ್ಪ ಡ್ರಾಯಿಂಗ್ ಹಾಳೆ ಇಟ್ಟು ಗಾಲಿ ಎಳೆದರೆ ಹಿಂಬದಿಯಲ್ಲಿ ಗೆರೆ ಉಬ್ಬುತ್ತದೆ. ಅವಳು ಮುಟ್ಟುವುದು ಆ ಹಿಂಬದಿಯನ್ನು. ಹಾಗಾಗಿ ಎಡ-ಬಲ ಅದಲುಬದಲು ಮಾಡಿಯೇ ಎಳೆಯಿರಿ. ಒಂದು ಹಾಳೆಗೆ ಒಂದೇ ಚಿತ್ರ. ವೃತ್ತದೊಳಗೆ ತ್ರಿಭುಜ ಇದ್ದರೆ ವೃತ್ತಕ್ಕೆ ಗಾಲಿ, ತ್ರಿಭುಜಕ್ಕೆ ಫೆವಿಕಾಲ್ ಹಚ್ಚಿ ಅಂಟಿಸಿದ ಉಲ್ಲನ್ ದಾರ. ಎರಡೂ ಒಂದೇ ಥರ ಇದ್ದರೆ ಬೆರಳು ದಾರಿ ತಪ್ಪುತ್ತದೆ. ಪಠ್ಯಪುಸ್ತಕದ ಅಲಂಕಾರದ ಚಿತ್ರಗಳನ್ನೆಲ್ಲ ಸುಮ್ನೆ ಬಿಟ್ಟುಬಿಡಿ. ಗ್ರಾಫ್‌ಗೆ ಥರ್ಮೋಕೋಲ್, ಗುಂಡುಪಿನ್ನು, ರಬ್ಬರ್ ಬ್ಯಾಂಡ್ ಇದ್ದರೆ ಆಯಿತು. ಅಚ್ಚುಕಟ್ಟಾದದ್ದು ಬೇಕಿದ್ದರೆ ಐಐಟಿ ದೆಹಲಿಯ ರೈಸ್ಡ್ ಲೈನ್ಸ್ ಫೌಂಡೇಶನ್ ಉಬ್ಬು ಚಿತ್ರಗಳ ಪುಸ್ತಕ ಮಾಡುತ್ತದೆ.

ಯಾವುದನ್ನೇ ಮಾಡಿದರೂ ಪಾಠಕ್ಕೆ ಮೊದಲೇ ಅವಳ ಕೈಗೆ ಕೊಡಿ. ಇಡೀ ಪುಸ್ತಕ ಬೇಡ, ಮುಂದಿನ ಪಾಠದ್ದು ಇದ್ದರೆ ಸಾಕು. ನೀವು ಬೋರ್ಡ್ ಮೇಲೆ ಎಬಿ, ಬಿಸಿ ಅನ್ನುವಾಗ ಅವಳ ಬೆರಳೂ ಅಲ್ಲೇ ಓಡಬೇಕು.

ನಿಮ್ಮ ಕಡೆ ಮಳೆ ಜಾಸ್ತಿ. ತೇವ ಹಿಡಿದ ಹಾಳೆಯಲ್ಲಿ ಚುಕ್ಕೆ ಬೇಗ ಕೂತುಹೋಗುತ್ತದೆ. ಒಂದರ ಮೇಲೊಂದು ಪೇರಿಸಬೇಡಿ. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ ನಿಲ್ಲಿಸಿಡಿ.

‘ಇವಳಿಗೆ ಗಣಿತ ಯಾಕೆ, ಬೇರೆ ವಿಷಯ ಕೊಡಿಸಿ’ ಅನ್ನುವವರು ಸ್ಟಾಫ್ ರೂಮಿನಲ್ಲೇ ಸಿಗುತ್ತಾರೆ. ಅದನ್ನು ತೀರ್ಮಾನಿಸಬೇಕಾದವಳು ಅವಳು, ಅದೂ ಸಾಮಗ್ರಿ ಕೈಗೆ ಬಂದ ಮೇಲೆ. ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆಯುವುದು ಸಹಾಯಕರಾದ್ದರಿಂದ ಸಮೀಕರಣವನ್ನು ಬಾಯಲ್ಲಿ ಸರಿಯಾಗಿ ಹೇಳಿ ಬರೆಸುವ ಅಭ್ಯಾಸವನ್ನು ಈಗಿನಿಂದಲೇ ಮಾಡಿಸಿ. ಪಕ್ಕದಲ್ಲಿ ಕೂರುವ ಗೆಳತಿಯೇ ಇದಕ್ಕೆ ಸಾಕು.